ಲಾಡಿಹುಳದ ನಾಮಕರಣ

ನನಗೊಂದು ಹೆಸರಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಳಲ್ಕೆರೆಯ ನಮ್ಮ ಮನೆಗೆ ಬಂದು ಒಂದು ತಿಂಗಳು ಉಂಡುಟ್ಟು ಹೋದವರಿಗೂ ಈ ವಿಷಯ ಗೊತ್ತಾಗುವ ಸಂಭವವಿಲ್ಲ. ಅತ್ತೆ ಕೊಟ್ರಮ್ಮನವರು ನನ್ನನ್ನು "ಹುಡುಗೀ" ಎನ್ನುತ್ತಾರೆ (ನನಗೆ ನಲವತ್ತೊಂದು). ಊರಿನವರು "ಹೆಡ್‌ಮೇಷ್ಟ್ರ ಮನೆಯೋರು" ಎನ್ನುತ್ತಾರೆ. ಇನ್ನು ಆ ಹೆಡ್‌ಮೇಷ್ಟರು ಸ್ವತಃ ನನ್ನನ್ನು ಕರೆಯುವುದು ಕೆಮ್ಮಿ. ಒಂದು ಕೆಮ್ಮು ಎಂದರೆ ನೀರು, ಎರಡು ಎಂದರೆ ಊಟ, ಮೂರು ಎಂದರೆ ನಿಜವಾದ ಕೆಮ್ಮು, ಕಷಾಯ ಬೇಕು.

ಹೆಸರು ಮರುಳಸಿದ್ದಮ್ಮ. ಮರುಳಾಗಲು ಸಿದ್ಧ ಎಂದು ಯಾರೂ ಬಿಡಿಸಿ ಓದಬಾರದು. ಓದಿದರೂ ಮುಂದಿನ ಕಥೆ ಕೇಳಿದ ಮೇಲೆ ನಾನು ವಾದಿಸುವ ಹಾಗಿಲ್ಲ.

ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಸರಿ. ಆದರೆ ನಮ್ಮವರು ಒಂದು ಹೆಜ್ಜೆ ಮುಂದೆ. ಹೆಂಡತಿಯ ಹೆಸರನ್ನು ಗಂಡ ಹೇಳಿದರೂ ಆಯಸ್ಸು ಕಡಿಮೆಯಾಗುತ್ತದಂತೆ. "ಯಾರ ಆಯಸ್ಸು?" ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. "ಅದು ಸ್ಪಷ್ಟವಾಗಿಲ್ಲ, ಸುಮ್ನೆ ಅಪಾಯ ಯಾಕೆ?" ಎಂದಿದ್ದರು. ಆಮೇಲೆ ಇಪ್ಪತ್ತೆರಡು ವರ್ಷ ಇಬ್ಬರೂ ಬಹಳ ಆರೋಗ್ಯದಿಂದ ಇದ್ದೇವೆ.

ಹೀಗಿರುವಾಗ ನಮ್ಮ ಮನೆಗೆ ಸಮುದ್ರ ಬಂತು.

ಅದು ಹಿರಿಯೂರಿನ ಹತ್ತಿರ ಮಾರಿಕಣಿವೆಗೆ ಕಟ್ಟೆ ಏಳುತ್ತಿದ್ದ ಕಾಲ. ಸೀಮೆಗೆಲ್ಲ ನೀರು ಬರುತ್ತದೆ ಎಂದು ಜನ ಕಾದು ಕೂತಿದ್ದರೆ, ನಮ್ಮ ಮನೆಗೆ ಮಾತ್ರ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಎತ್ತಿನ ಗಾಡಿ ಹತ್ತಿ, ಹುಲ್ಲು ಹೊದ್ದುಕೊಂಡು ಆರು ಗಾಜಿನ ಜಾಡಿಗಳು ಇಳಿದವು. ಕಳಿಸಿದವರು ತೂತುಕುಡಿಯ ಕಡಲಲ್ಲಿ ಮುತ್ತಿನ ಸಿಂಪಿಗಳ ಉಸ್ತುವಾರಿ ನೋಡುತ್ತಿದ್ದ ಪೆಟಿಗ್ರೂ ಸಾಹೇಬರು. ನಮ್ಮವರಿಗೆ ಮೊದಲಿನಿಂದಲೂ ಕ್ರಿಮಿಕೀಟಗಳ ಹುಚ್ಚು. ಸ್ಕೂಲಿನ ಹುಣಸೆಮರದ ಜೀರುಂಡೆಗಳ ಮೇಲೆ ಈ ಸಾಹೇಬರಿಗೆ ಕಾಗದ ಬರೆದು ಬರೆದು ಸ್ನೇಹ ಬೆಳೆಸಿದ್ದರು. ಆ ಸ್ನೇಹದ ಫಲ ಈಗ ನಡುಮನೆಯಲ್ಲಿ ಸಾರಾಯಿ ವಾಸನೆ ಹೊಡೆಯುತ್ತ ಕೂತಿತ್ತು.

"ಏನ್ಲಾ ಏಕಾಂತ, ಶಿವಾಚಾರದ ಮನೀಗೆ ಏನು ತಂದಿಕ್ಕಿದೀಯ? ಶಾವಿಗೆನಾ?" ಎಂದರು ಅತ್ತೆ, ಸೆರಗಿನಿಂದ ಮೂಗು ಮುಚ್ಚಿಕೊಂಡು.

"ಲಾಡಿಹುಳ ಕಣಮ್ಮ," ಎಂದರು ನಮ್ಮವರು, ಬೆಳ್ಳಿ ಬಟ್ಟಲು ತೋರಿಸುವ ಹೆಮ್ಮೆಯಲ್ಲಿ. "ತೊರಕೆ ಅಂತ ಒಂದು ಮೀನು ಐತೆ. ಮೊರದಷ್ಟಗಲ, ಬಾಲದಾಗೆ ವಿಷದ ಮುಳ್ಳು. ಅದರ ಕರುಳಾಗೆ ಇದ್ದವು."

ಅತ್ತೆ ಬೆರಳು ಮಡಚಿ ಎಣಿಸಿದರು. ಮೀನು ಒಂದು, ಮೀನಿನ ಕರುಳು ಎರಡು, ಕರುಳಿನ ಹುಳ ಮೂರು, ಹುಳ ಮುಳುಗಿದ್ದ ಸಾರಾಯಿ ನಾಲ್ಕು. ಯಾವುದಕ್ಕೆ ಮೊದಲು ಬೈಯುವುದೆಂದು ತೋಚದೆ ಅವರು ಮಾತು ಕಳೆದುಕೊಂಡದ್ದು ನಾನು ಕಂಡ ಹಾಗೆ ಅದೊಂದೇ ಸಲ. ಆಮೇಲೆ ಮಾತು ಸಿಕ್ಕಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದರ ಪರಿಣಾಮವಾಗಿ ಜಾಡಿಗಳು ಹೊರಗಿನ ಜಗಲಿ ಕೋಣೆಗೆ ಹೋದವು.

ನಮ್ಮವರು ಆಗಲೇ ಜಾಡಿಗಳಿಗೆ ಕಣ್ಣು ಅಂಟಿಸಿ ಕೂತಿದ್ದರಿಂದ, ಸಾಹೇಬರ ಇಂಗ್ಲಿಷ್ ಕಾಗದವನ್ನು ಓದಿ ಹೇಳುವ ಕೆಲಸ ನನಗೆ ಬಂತು. ನಮ್ಮಪ್ಪ ಬಾಗೂರಿನವರಾದರೂ ಬೆಂಗಳೂರಿನ ದಂಡು ಪ್ರದೇಶದಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ನಾನು ಆರು ವರ್ಷ ಕಾನ್ವೆಂಟಿನಲ್ಲಿ ಓದಿದವಳು. ಇಂಗ್ಲಿಷೂ ಬರುತ್ತಿತ್ತು, ಲ್ಯಾಟಿನ್ನೂ ಬರುತ್ತಿತ್ತು. ಲ್ಯಾಟಿನ್ ಎಂದರೆ ಸಾಯಂಕಾಲದ ಪ್ರಾರ್ಥನೆಯಲ್ಲಿ ಕೇಳಿದ್ದಷ್ಟೆ. "ಓರಾ ಪ್ರೋ ನೋಬಿಸ್" ಎನ್ನುವುದು ನನಗೆ "ಓರಗಿತ್ತಿ ನೋಯಿಸ್" ಎಂದೇ ಕೇಳಿಸುತ್ತಿತ್ತು. ಓರಗಿತ್ತಿಯರೇ ಇಲ್ಲದ ಮನೆಗೆ ಬಂದೆನಾದ್ದರಿಂದ ಆ ಪ್ರಾರ್ಥನೆ ಫಲಿಸಿತೋ ಇಲ್ಲವೋ ಈಗಲೂ ತಿಳಿಯದು.

ಸಾಹೇಬರು ಬರೆದಿದ್ದರು: ಈ ಹುಳದ ಮರಿ ಮುತ್ತಿನ ಸಿಂಪಿಯ ಒಡಲು ಹೊಕ್ಕರೆ, ಸಿಂಪಿ ಅದರ ಸುತ್ತ ಹೊಳಪಿನ ಪದರ ಸುತ್ತಿ ಮುತ್ತು ಮಾಡುತ್ತದೆಂದು ಪಂಡಿತರ ಊಹೆ. ಆ ಸಿಂಪಿಯನ್ನು ತೊರಕೆ ತಿಂದರೆ, ಮರಿ ಅದರ ಕರುಳಲ್ಲಿ ಉದ್ದವಾಗಿ ಬೆಳೆಯುತ್ತದೆ. ಆದ್ದರಿಂದ ತೊರಕೆಯಲ್ಲಿ ಯಾವ ಯಾವ ಜಾತಿಯ ಹುಳಗಳಿವೆ ಎಂದು ವಿಂಗಡಿಸಬೇಕು. ನನಗೆ ಪುರುಸೊತ್ತಿಲ್ಲ, ಹೆಡ್‌ಮೇಷ್ಟರ ಕಣ್ಣು ಚೊಕ್ಕಟವೆಂದು ಬಲ್ಲೆ. ಒಟ್ಟು ನೂರ ನಲವತ್ತಮೂರು ಹುಳ. ಇದರಲ್ಲಿ ಯಾರೂ ಕಾಣದ ಹೊಸ ಜಾತಿ ಸಿಕ್ಕರೆ ಅದಕ್ಕೆ ಹೆಸರಿಡುವ ಹಕ್ಕು ನಿಮ್ಮದು. ಆ ಹೆಸರು ವಿಲಾಯತಿಯ ಪುಸ್ತಕದಲ್ಲಿ ಅಚ್ಚಾಗುತ್ತದೆ, ಜಗತ್ತು ಇರುವವರೆಗೂ ಇರುತ್ತದೆ.

"ಹಂಗಾರೆ ನಿನ್ನ ಬುಗುಡಿಯಾಗಿರೋ ಮುತ್ತು ಹುಳದ ಗೋರಿ ಅನ್ನು," ಎಂದು ಅತ್ತೆ ಎದ್ದು ಹೋದರು.

ನನಗೆ ಬುಗುಡಿಯ ಚಿಂತೆಯಿರಲಿಲ್ಲ. ನನ್ನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತು. ಹೆಸರು! ಅಚ್ಚಿನಲ್ಲಿ! ಜಗತ್ತು ಇರುವವರೆಗೂ!

"ನೋಡ್ರಿ, ನಿಮ್ಮ ವರದೀನ ಚೊಕ್ಕಟವಾಗಿ ಇಂಗ್ಲಿಷಿನಲ್ಲಿ ಪ್ರತಿ ಬರೆದು ಕೊಡ್ತೀನಿ. ಹೊಸ ಹುಳ ಸಿಕ್ರೆ ನನ್ನ ಹೆಸರಿಡಬೇಕು."

ನಮ್ಮವರು ಭೂತಗನ್ನಡಿಯಿಂದ ತಲೆಯೆತ್ತಿದರು. "ಹುಳಕ್ಕೆ ನಿನ್ನ ಹೆಸರಾ?"

"ಹುಲಿಗೆ ಇಡಿ ಅಂದ್ರೆ ಹುಲಿ ಎಲ್ಲೈತೆ?"

"ಹೆಸರಿಡಬೇಕಂದ್ರೆ ನಾನು ಅದನ್ನ ಹೇಳಬೇಕಾಗ್ತದಲ್ಲ."

"ಹೇಳಬ್ಯಾಡ್ರಿ, ಬರೀರಿ. ಬರೆದ್ರೆ ಆಯಸ್ಸಿಗೇನಾಗ್ತದೆ?"

"ಬರೆದ್ರೆ ಅರ್ಧ ಕಡಿಮೆ ಆದೀತು," ಎಂದರು. ಹೇಳಿ ಕೇಳಿ ಗಣಿತ ಕಲಿಸುವವರು. ಆದರೂ ನಾಲ್ಕು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತ ಮೇಲೆ (ಮರೆವು ನನ್ನ ಹುಟ್ಟುಗುಣವೆಂದು ಅವರಿಗೆ ತಿಳಿಸಿದೆ) ಒಪ್ಪಿದರು.

ಮೂರು ವಾರ ವಿಂಗಡಣೆ ನಡೆಯಿತು. ಈ ಹುಳಗಳ ಮೈ ಬಿಳಿ ಲಾಡಿಯ ಹಾಗೆ ತುಂಡು ತುಂಡು ಸೇರಿ ಆದದ್ದು. ಎಲ್ಲದರ ಮೈಯೂ ಒಂದೇ. ಗುರುತೆಲ್ಲ ತಲೆಯಲ್ಲಿ. ಸಾಸಿವೆಗಿಂತ ಚಿಕ್ಕ ತಲೆ. ಕೆಲವಕ್ಕೆ ಹೂವಿನ ಎಸಳಿನಂತೆ ನಾಲ್ಕು ಕಿವಿ, ಅವುಗಳಿಂದಲೇ ಕರುಳಿಗೆ ಅಂಟಿಕೊಳ್ಳುವುದು. ಕೆಲವಕ್ಕೆ ಕೊಕ್ಕೆ ತುಂಬಿದ ನಾಲ್ಕು ಸೊಂಡಿಲು. ಕಿವಿಯವು ಈ ಜಾಡಿಗೆ, ಸೊಂಡಿಲಿನವು ಆ ಜಾಡಿಗೆ. ಎರಡೂ ಪಂಡಿತರಿಗೆ ಹಳೆಯ ಪರಿಚಯ. ನೂರ ನಲವತ್ತಮೂರನೆಯ ಹುಳವೂ ಕಿವಿಯ ಜಾಡಿಗೆ ಬಿದ್ದಾಗ ನಮ್ಮವರ ಮುಖ ನೋಡುವ ಹಾಗಿರಲಿಲ್ಲ.

"ಹೊಸದು ಒಂದೂ ಇಲ್ಲ," ಎಂದರು ಮೆಲ್ಲಗೆ. "ಬುಧವಾರದ ರೈಲಿಗೆ ವಾಪಸು ಕಳಿಸಿಬಿಡಾಣ."

ಅವರಿಗೆ ಹೊಸ ಹುಳ ಹೋಯಿತು. ನನಗೆ ಹೆಸರೇ ಹೋಯಿತು. ಆ ಬೇಸರದಲ್ಲಿ ರೊಟ್ಟಿ ತಟ್ಟುತ್ತಿದ್ದಾಗ ಅತ್ತೆ ಬಂದು ಕೂತು, "ಅಲ್ಲ ಹುಡುಗೀ, ಮೂರು ವಾರ ಗಂಡ ಹೆಂಡ್ತಿ ಇಬ್ರೂ ಆ ಹುಳದಾಗೆ ಏನು ಕಂಡ್ರಿ?" ಎಂದು ಕೇಳಿದರು. ಪಾಂಡಿತ್ಯ ತೋರಿಸುವ ಅವಕಾಶವನ್ನು ನಾನು ಯಾವಾಗ ಬಿಟ್ಟಿದ್ದೇನೆ?

"ಭಾರಿ ವಿಚಿತ್ರದ ಜೀವ ಅತ್ತೆಮ್ಮ. ಇದರಲ್ಲಿ ಗಂಡೇ ಬೇರೆ, ಹೆಣ್ಣೇ ಬೇರೆ ಅಂತ ಇಲ್ಲ. ಮೈಯಾಗಿನ ಒಂದೊಂದು ತುಂಡಿಗೂ ಎರಡೆರಡು ಲಿಂಗ."

ಅತ್ತೆಯ ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು. ಬೆಳ್ಳಿ ಕರಡಿಗೆಯೊಳಗೆ ಅವರ ಇಷ್ಟಲಿಂಗ. "ಲಿಂಗ ಐತಾ?"

"ಎರಡೈತೆ ಅಂದ್ನಲ್ಲ," ಎಂದೆ ರೊಟ್ಟಿ ತಿರುವುತ್ತ.

"ಹುಟ್ತಾನೇ?"

"ಹುಟ್ತಾನೇ. ಯಾರೂ ಕೊಡೋದು ಬೇಕಿಲ್ಲ."

"ಲಂಗಕ್ಕೆ ಲಾಡಿ ಇರೋದು ಕಂಡೀನಿ, ಲಾಡಿಗೆ ಲಿಂಗ ಇರೋದು ಇವತ್ತೇ ಕೇಳಿದ್ದು. ಶಿವ ಶಿವಾ!" ಎಂದು ಅವರು ಎದ್ದು ಹೋದರು. ಎಷ್ಟು ಚೆನ್ನಾಗಿ ಹೇಳಿದರಲ್ಲ, ಇಂಥ ಮಾತು ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಡುವುದರಲ್ಲಿ ನಾನು ಅವರ ಮುಖ ನೋಡಲಿಲ್ಲ. ನೋಡಬೇಕಾಗಿತ್ತು.

ಮಾರನೆಯ ದಿನ, ಮಂಗಳವಾರ, ನಾವಿಬ್ಬರೂ ಬೆಳಿಗ್ಗೆಯೇ ಗಾಡಿ ಕಟ್ಟಿಸಿಕೊಂಡು ಪಕ್ಕದ ಹಳ್ಳಿಯ ನೆಂಟರ ಮನೆಗೆ ಹೋಗಿ, ಮಧ್ಯಾಹ್ನ ಇಳಿಹೊತ್ತಿಗೆ ವಾಪಸಾದೆವು. ಬೇಲಿಯ ಗೂಟಗಳ ಮೇಲೆ ಆರು ಜಾಡಿಗಳು ಬೋರಲಾಗಿ ಒಣಗುತ್ತಿದ್ದವು.

ನಮ್ಮವರು ಕೆಮ್ಮಿದರು. ಅದು ನೀರಿನದೂ ಅಲ್ಲ, ಊಟದ್ದೂ ಅಲ್ಲ.

ಹಿತ್ತಲಲ್ಲಿ ಕೆಲಸದ ಬೋರಕ್ಕ ಗುದ್ದಲಿ ಊರಿಕೊಂಡು ನಿಂತಿದ್ದಳು. ಅತ್ತೆ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ದೊಡ್ಡ ಕರ್ತವ್ಯ ಮುಗಿಸಿದವರ ಶಾಂತಿಯಲ್ಲಿ ಕಲ್ಲುಚಪ್ಪಡಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಮಠದ ಅಯ್ಯನವರಾದ ತಿಪ್ಪಯ್ಯನವರು ಬೆಲ್ಲದ ಪಾನಕ ಕುಡಿಯುತ್ತಿದ್ದರು.

"ಅಮ್ಮಾ! ಹುಳ ಎಲ್ಲಿ?"

"ಮಣ್ಣು ಮಾಡ್ಸೀನಿ."

"ಮಣ್ಣು?"

"ಇನ್ನೇನ್ಲಾ ಮಾಡ್ಬೇಕು? ಎರಡೆರಡು ಲಿಂಗ ಹೊತ್ತ ಜೀವಗಳ್ನ ಸಾರಾಯ್ಯಾಗೆ ಮುಳುಗ್ಸಿ ಇಡ್ತೀರಲ್ಲ, ಓದಿದೋರಿಗೆ ನಾಚ್ಕೆ ಬ್ಯಾಡ್ವಾ? ನಾವು ಒಂದು ಲಿಂಗ ಕಟ್ಕಂಡು ಇಷ್ಟು ಮಡಿ ಮಾಡ್ತೀವಿ. ಮೀನಿನ ಹೊಟ್ಟ್ಯಾಗೆ ಬಿದ್ರೂ ಅವು ಲಿಂಗ ಬಿಟ್ಟಿರಲಿಲ್ಲ. ನಮ್ಮೋರ ಕ್ರಮದಂಗೆ ಗುಂಡ್ಯಾಗೆ ಕೂರಿಸಾಣ ಅಂದ್ರೆ ಪಾಪ, ಸೊಂಟಾನೇ ಇಲ್ಲ ಅವಕ್ಕೆ. ಸುರುಳಿ ಸುತ್ತಿ, ಉಪ್ಪು ಹಾಕಿ, ವಿಭೂತಿ ಇಟ್ಟು ಕಳಿಸಿಕೊಟ್ಟೆ."

ನಮ್ಮವರು ಅಯ್ಯನವರ ಕಡೆ ತಿರುಗಿದರು. ಅಯ್ಯನವರು ಪಾನಕದ ಲೋಟ ಕೆಳಗಿಟ್ಟರು.

"ಹುಳ ಅಂತ ನಂಗೇನು ಗೊತ್ರಿ ಮೇಷ್ಟ್ರೇ? ಪರಸ್ಥಳದ ಲಿಂಗವಂತರು, ಸಮುದ್ರದ ಕಡೆಯೋರು, ದಿಕ್ಕಿಲ್ಲದೆ ಹೋಗ್ಬಿಟ್ಟವ್ರೆ ಅಂದ್ರು ನಿಮ್ಮ ತಾಯಿ. ನಾನು ವಿಭೂತಿ ಮಂತ್ರಿಸಿ ಕೊಟ್ಟೆ. ಬಂದು ನೋಡಿದ್ರೆ ಗುಂಡಿ ಗೇಣುದ್ದ. ಸಣ್ಣಾಳು ಇರಬೌದು ಅಂದ್ಕಂಡೆ."

"ಲಿಂಗ ಐತೆ ಅಂತ ನಮ್ಮಮ್ಮನಿಗೆ ಹೇಳ್ದೋರು ಯಾರು?" ಎಂದು ನಮ್ಮವರು ಯಾರನ್ನೂ ನೋಡದೆ ಕೇಳಿದರು. ನಾನು ಬೇಲಿಯ ಮೇಲಿನ ಜಾಡಿಗಳನ್ನು ಎಣಿಸತೊಡಗಿದೆ. ಆರೇ ಇದ್ದವು.

ಅಗೆಯದೆ ಗತಿಯಿರಲಿಲ್ಲ. ಅಗೆಯಲು ಅತ್ತೆ ಬಿಡರು. "ಇಟ್ಟ ಮಣ್ಣು ತೆಗೀತೀಯೇನ್ಲಾ?" ಎಂದು ಗುಂಡಿಗೆ ಅಡ್ಡ ಕೂತುಬಿಟ್ಟರು. ಕೊನೆಗೆ ನಾನೇ ಮುಂದೆ ಹೋಗಿ, ಲಿಂಗವೆಂದರೆ ಇಲ್ಲಿ ಗಂಡು ಹೆಣ್ಣು ಎನ್ನುವ ಅರ್ಥ, ವ್ಯಾಕರಣದಲ್ಲಿ ಪುಲ್ಲಿಂಗ ಸ್ತ್ರೀಲಿಂಗ ಎನ್ನುವುದಿಲ್ಲವೇ, ಕೊರಳಿಗೆ ಕಟ್ಟುವುದಲ್ಲ ಎಂದು ಬೆವರು ಸುರಿಸಿಕೊಂಡು ವಿವರಿಸಿದೆ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅದನ್ನ ಮೊದ್ಲೇ ಗಂಡೂ ಅದೇ ಹೆಣ್ಣೂ ಅದೇ ಅಂದಿದ್ರೆ ಆಗ್ತಿರಲಿಲ್ವಾ? ಕಾನ್ವೆಂಟ್ನಾಗೆ ಕನ್ನಡ ಕಲ್ಸಲಿಲ್ವೇನು?"

ಬೋರಕ್ಕ ಸೆರಗಿನಲ್ಲಿ ನಕ್ಕಳು. ಅತ್ತೆ ಎದ್ದು ದಾರಿ ಬಿಟ್ಟರು. ಬಿಡುತ್ತ ಹೇಳಿದರು: "ಮೂರು ಗುಂಡಿ ಅವೆ. ಕಲಸಬ್ಯಾಡ್ರಿ."

ಗುದ್ದಲಿ ಎತ್ತಿದ ನಮ್ಮವರು ಹಾಗೇ ನಿಂತರು. "ಮೂರಾ? ಇರೋದು ಎರಡು ಜಾತಿ ಅಲ್ವೇನಮ್ಮ?"

"ಎರಡಂತೆ, ಎರಡು! ಮೂರು ಬೆಡಗು ಅವೆ ಕಣಲೇ." ಬೆಡಗು ಎಂದರೆ ನಮ್ಮಲ್ಲಿ ಹೆಣ್ಣು ಕೊಟ್ಟು ತರುವಾಗ ವಿಚಾರಿಸುವ ವಂಶದ ಹೆಸರು. ಆ ವಿಷಯದಲ್ಲಿ ಅತ್ತೆ ಭರಮಸಾಗರದಿಂದ ಹೊಸದುರ್ಗದವರೆಗೆ ಪ್ರಮಾಣ. "ಬ್ಯಾರೆ ಬ್ಯಾರೆ ಬೆಡಗಿನೋರನ್ನ ಒಂದೇ ಗುಂಡೀಗೆ ಹಾಕಾಕಾಗ್ತದಾ? ಅದಕ್ಕೇ ಮೊರದಾಗೆ ಹರವಿ, ನಿನ್ನ ಭೂತಗನ್ನಡಿ ಇಟ್ಕಂಡು ಒಂದೊಂದರ ಮುಖ ನೋಡ್ದೆ. ಸೊಂಡ್ಲಿನೋರು ಒಂದು ಕಡೆ. ಕಿವಿಯೋರು ಒಂದು ಕಡೆ. ಅದರಾಗೆ ಏಳು ಜನ ಮಾತ್ರ ಬ್ಯಾರೆ. ಅವರ ಕಿವಿ ಸಾದಾ ಅಲ್ಲ, ಒಳಗೆಲ್ಲ ಜೇನುಹುಟ್ಟಿನಂಗೆ ಮನೆ ಮನೆ ಐತೆ. ಅವರನ್ನ ಆ ತುಳಸಿಗಿಡದ ತಾವ ಇಟ್ಟೀನಿ."

ನಮ್ಮವರು ತುಳಸಿಗಿಡದ ಬಳಿ ಗುದ್ದಲಿ ಮುಟ್ಟಲಿಲ್ಲ. ಕೈಯಲ್ಲೇ ಮಣ್ಣು ಬಿಡಿಸಿದರು. ಉಪ್ಪಿನಲ್ಲಿ ಸ್ವಲ್ಪ ಮುದುಡಿದ್ದರೂ ಏಳೂ ಕ್ಷೇಮ. ತೊಳೆದು ಹೊಸ ಸಾರಾಯಿಗೆ ಹಾಕಿದ ಮೇಲೆ ಮೆಲ್ಲಗೆ ಅರಳಿಕೊಂಡವು. ಭೂತಗನ್ನಡಿಯ ಕೆಳಗೆ ಅವರು ಒಂದನ್ನು ನೋಡಿದರು. ಮತ್ತೊಂದನ್ನು ನೋಡಿದರು. ಸಾಹೇಬರು ಕಳಿಸಿದ್ದ ಚಿತ್ರದ ಹಾಳೆಗಳನ್ನೆಲ್ಲ ತಿರುವಿದರು. ಯಾವುದರಲ್ಲೂ ಆ ಕಿವಿ ಇಲ್ಲ. ಮೂರು ವಾರ ಅವರು ಕಿವಿ ಎಣಿಸಿದ್ದರೇ ಹೊರತು, ಕಿವಿಯೊಳಗೆ ನೋಡಿರಲಿಲ್ಲ. ನವಣೆಯಲ್ಲಿ ಕಲ್ಲು ಆರಿಸಿ ಅರವತ್ತು ವರ್ಷ ಪಳಗಿದ ಕಣ್ಣು ನೋಡಿತ್ತು.

"ಹೊಸದು!" ಎಂದು ಕೂಗಿ, ಅಂಗಳದಲ್ಲಿ ಒಂದು ಸುತ್ತು ಕುಣಿದೇಬಿಟ್ಟರು. ನಲವತ್ತೇಳರ ಹೆಡ್‌ಮೇಷ್ಟರು, ಮೊಳಕೈವರೆಗೆ ಮಣ್ಣು! ನನಗೂ ಕುಣಿಯಬೇಕೆನಿಸಿತು. ನಾನು ಲಿಂಗವೆಂಬ ಪದ ಬಳಸದಿದ್ದರೆ ಮಣ್ಣು ಆಗುತ್ತಿರಲಿಲ್ಲ, ಮಣ್ಣಾಗದಿದ್ದರೆ ಮೂರನೆಯ ಗುಂಡಿ ಇರುತ್ತಿರಲಿಲ್ಲ. ಹಾಗಾದರೆ ಕಂಡುಹಿಡಿದವಳು ಯಾರಾದಂತಾಯಿತು?

"ಇನ್ನು ಹೆಸರು ಬರೀರಿ," ಎಂದೆ, ಸೆರಗು ಸರಿಮಾಡಿಕೊಂಡು.

ಅವರು ಬರೆದರು. ನನ್ನ ಮುಖ ನೋಡದೆ ಬರೆದರು. ಕೊಟ್ರಮ್ಮೀ. ಕೊಟ್ರಮ್ಮನದು ಎಂದು ಲ್ಯಾಟಿನ್ನಿನಲ್ಲಿ ಅರ್ಥವಂತೆ.

ಸಿಟ್ಟು ಬಂತೇ ಎಂದು ಕೇಳಬೇಡಿ. ನ್ಯಾಯವಾಗಿ ಅದು ಅತ್ತೆಗೇ ಸಲ್ಲಬೇಕು ಎಂದು ನನಗೂ ಗೊತ್ತಿತ್ತು. ಸಿಟ್ಟಿಗೆ ಅದು ಗೊತ್ತಿರಲಿಲ್ಲ. ಅತ್ತೆಯಂತೂ, "ನನ್ನ ಹೆಸ್ರಾ? ಆ ಹುಳದ ತಲೆ ಮ್ಯಾಲೆ ಸೆರಗೈತೇನ್ಲಾ?" ಎಂದಷ್ಟೇ ವಿಚಾರಿಸಿ, ನಾಲ್ಕು ಕಿವಿ ಇವೆಯೆಂದ ಮೇಲೆ, "ಓಲೆ ಮಾಡ್ಸಾಕೆ ಗಂಡಂಗೆ ಕಷ್ಟ," ಎಂದು ಒಳಗೆ ಹೋದರು.

ವರದಿಯ ಶುದ್ಧಪ್ರತಿ ಬರೆಯುವವಳು ನಾನು. ಹದಿನಾಲ್ಕು ಪುಟ, ಒಂದು ಚಿತ್ತಿಲ್ಲ. ಕೊನೆಯ ಪುಟದಲ್ಲಿ ಅವರು ಬಲಗಡೆ ರುಜು ಹಾಕಿದ ಮೇಲೆ, ಎಡಗಡೆ ಕೆಳಮೂಲೆ ಖಾಲಿಯಿತ್ತು. ಪ್ರತಿ ಮಾಡಿದವರು ಅಲ್ಲಿ ತಮ್ಮ ಹೆಸರು ಬರೆಯಬೇಕೆಂಬುದು ಕಾನ್ವೆಂಟಿನ ಶಿಸ್ತು. ಶಿಸ್ತು ಮೀರುವುದು ನನಗೆ ಆಗುವುದಿಲ್ಲ. ನಮ್ಮವರು ಅರಗು ಕಾಯಿಸಲು ಎದ್ದು ಹೋದಾಗ, ಅಕ್ಷರಗಳ ಬಾಲಕ್ಕೆಲ್ಲ ಸುರುಳಿ ಬಿಟ್ಟು ಬರೆದೆ: ಮರುಳಸಿದ್ದಮ್ಮ. ಕೆಳಗೆ ತಾರೀಖು.

ಪೆಟಿಗ್ರೂ ಸಾಹೇಬರು ವರದಿಯನ್ನು ಹಾಗೇ ವಿಲಾಯತಿಗೆ ಕಳಿಸಿದರು. ಹತ್ತು ತಿಂಗಳ ಮೇಲೆ ಅಚ್ಚಾದ ಹಾಳೆಗಳು ಬಂದವು, ಜೊತೆಗೆ ಸಾಹೇಬರ ಒಂದು ಕಾಗದ. ಅತ್ತೆ ಅಯ್ಯನವರನ್ನು ಕರೆಸಿದರು, ಬೋರಕ್ಕನನ್ನು ಕೂರಿಸಿದರು. ನಮ್ಮವರು ಎದ್ದು ನಿಂತು, ಇನ್‌ಸ್ಪೆಕ್ಟರು ಬಂದಾಗ ಓದುವ ದನಿಯಲ್ಲಿ ಓದಿ ಅರ್ಥ ಹೇಳಿದರು.

"ಹೊಸ ಜಾತಿ: ಕೊಟ್ರಮ್ಮೀ."

"ಹ್ಞೂಂ," ಎಂದರು ಅತ್ತೆ.

"ವಿಂಗಡಿಸಿದವರು: ಹೊಳಲ್ಕೆರೆಯ ಹೆಡ್‌ಮಾಸ್ಟರ್ ಏಕಾಂತಪ್ಪನವರು." ಇಲ್ಲಿ ಅವರು ರುಮಾಲು ಸರಿಮಾಡಿಕೊಂಡರು. "ತೊರಕೆ ಮೀನು ದೊರೆತ ಸ್ಥಳ..."

ನಿಂತರು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. ಸಾಹೇಬರ ಕಾಗದ ತೆಗೆದು ಓದಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ನಾನು ಎಣಿಸಲು ಏನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡಿದೆ.

"ಯಾವೂರಂತ್ಲಾ?" ಎಂದರು ಅತ್ತೆ.

"ಮರುಳಸಿದ್ದಮ್ಮ," ಎಂದರು ನಮ್ಮವರು.

ಕಾಗದದ ಎಡಮೂಲೆಯಲ್ಲಿ ತಾರೀಖಿನ ಮೇಲೆ ಇದ್ದದ್ದನ್ನು ವಿಲಾಯತಿಯ ಪಂಡಿತರು ಊರೆಂದು ತಿಳಿದಿದ್ದರು! ತೊರಕೆಗಳು ಸಮೃದ್ಧವಾಗಿ ಸಿಗುವ, ಮೈಸೂರು ಸಂಸ್ಥಾನದ ಒಂದು ಬಂದರು. ಸಮುದ್ರವೇ ಇಲ್ಲದ ಸಂಸ್ಥಾನದಲ್ಲಿ!

"ನಿನ್ನ ಹೆಂಡ್ತಿ ಹೆಸ್ರಿದ್ದಂಗೈತಲ್ಲ?"

"ಊರು ಕಣಮ್ಮ," ಎಂದರು. "ಪುಸ್ತಕದಾಗೆ ಊರು ಅಂತಾನೇ ಐತೆ. ಊರಿನ ಹೆಸರು ಹೇಳಾಕೇನು?"

ಸಾಹೇಬರ ಕಾಗದದ ಸಾರಾಂಶ ಇಷ್ಟು: ನಕಾಶೆಯೆಲ್ಲ ಹುಡುಕಿದರೂ ಈ ಬಂದರು ಪಂಡಿತರಿಗೆ ಸಿಗುತ್ತಿಲ್ಲ, ಕೂಡಲೇ ತಿದ್ದುಪಡಿ ಬರೆದು ಕಳಿಸಬೇಕು. ಮುಂದಿನ ಸಂಚಿಕೆಯಲ್ಲಿ ಅದನ್ನೂ ಅಚ್ಚು ಮಾಡುತ್ತಾರಂತೆ.

ಶುದ್ಧಪ್ರತಿ ಬರೆಯುವವಳು ನಾನೇ ತಾನೇ? ಮಸಿಕುಡಿಕೆ ತಂದು ಕೂತೆ. ಅವರು ಹಿಂದೆ ಮುಂದೆ ಓಡಾಡುತ್ತ ಹೇಳಿದರು, ನಾನು ನನ್ನ ಅತ್ಯುತ್ತಮ ಕಾನ್ವೆಂಟ್ ಅಕ್ಷರದಲ್ಲಿ ಬರೆದೆ:

"ಮಹಾಶಯರೇ, ತಮ್ಮ ಪತ್ರಿಕೆಯಲ್ಲಿ ಹೇಳಿರುವ ಮರುಳಸಿದ್ದಮ್ಮ ಎಂಬುದು ಎಲ್ಲಿಯೂ ಇರುವುದಿಲ್ಲ. ದಯವಿಟ್ಟು ಹೊಡೆದುಹಾಕತಕ್ಕದ್ದು."

ಲೇಖನಿ ನಿಲ್ಲಿಸಿ, "ಏನು ಎಲ್ಲಿಯೂ ಇರುವುದಿಲ್ಲ? ಸರಿಯಾಗಿ ಕೇಳಿಸಲಿಲ್ಲ," ಎಂದೆ.

"ಮರುಳಸಿದ್ದಮ್ಮ," ಎಂದರು ಅವರು, ಓಡಾಟ ನಿಲ್ಲಿಸಿ.

"ಇನ್ನೊಂದ್ಸಲ ಹೇಳ್ರಿ. ಕಾಗುಣಿತ ತಪ್ಪಬಾರದು."

ಅವರು ಬಾಗಿಲ ಕಡೆ ನೋಡಿದರು. ಅತ್ತೆ ಅಂಗಳದಲ್ಲಿದ್ದರು. ನನ್ನ ಎದುರು ಬಂದು ಕೂತು, ಆಯಸ್ಸಿನ ಲೆಕ್ಕವೆಲ್ಲ ಬಿಟ್ಟು, ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದರು. ಬಹಳ ಹೊತ್ತಿನವರೆಗೂ ನನಗೆ ಸರಿಯಾಗಿ ಕೇಳಿಸಲೇ ಇಲ್ಲ.